ಟರ್ಮಿನಲ್‌ನಲ್ಲಿ ಬಂದ ಕನ್ನಡ ಐಕಾನ್ ಒತ್ತಿದ್ರೆ ಯಾಕೆ ಬರಲಿಲ್ಲ?

ರಜೆಯಲ್ಲಿ ನಾವು ಮೂವರು ಮೊಳಕಾಲ್ಮುರು ತಾಲ್ಲೂಕಿನ ಕೊಂಡ್ಲಹಳ್ಳಿಗೆ, ಗೆಳೆಯನ ಮನೆಗೆ ಹೋಗಿದ್ವಿ. ಅವನ ಅಜ್ಜಿ ಹೇಳುವ ಒಗಟುಗಳನ್ನು ನಮ್ಮ ಪತ್ರಿಕೆಗೆ ಟೈಪ್ ಮಾಡಿ ತರಬೇಕಿತ್ತು. ಹಳೇ ಲ್ಯಾಪ್‌ಟಾಪ್, ಅದರಲ್ಲಿ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್. ಐಬಸ್ ಹಾಕಿ ಕೆಜಿಪಿ ಕೀಲಿಮಣೆ ಆರಿಸಿದ್ವಿ. ಕೇಟ್ ಎಡಿಟರ್ ತೆರೆದ್ರೆ ಬರೀ ಇಂಗ್ಲಿಷ್ ಅಕ್ಷರ!

ಕ್ಯೂಟಿ ಪ್ರೋಗ್ರಾಂಗಳಿಗೆ 'ಐಬಸ್ ಬಳಸು' ಅಂತ ಹೇಳುವುದು ಕ್ಯೂಟಿ_ಐಎಂ_ಮಾಡ್ಯೂಲ್ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್. ಅದನ್ನು 'ಡಾಟ್ ಬ್ಯಾಶ್‌ಆರ್‌ಸಿ' ಫೈಲಿಗೆ ಸೇರಿಸಿದ್ವಿ. ಹೊಸ ಟರ್ಮಿನಲ್‌ನಿಂದ ಕೇಟ್ ತೆರೆದ್ರೆ ಕನ್ನಡ ಬಂತು. ಮೆನುವಿನ ಐಕಾನ್ ಒತ್ತಿದ್ರೆ ಮತ್ತೆ ಇಂಗ್ಲಿಷ್.

ಕಾರಣ ಸರಳ. ಪ್ರತಿ ಪ್ರೋಗ್ರಾಂ ಶುರುವಾಗುವಾಗ ತನ್ನನ್ನು ತೆರೆದ ಪ್ರೋಗ್ರಾಂನಿಂದ ವೇರಿಯಬಲ್‌ಗಳ ಒಂದು ಪ್ರತಿ ಪಡೆಯುತ್ತೆ. ಊರಿಂದ ಹಾಸ್ಟೆಲ್‌ಗೆ ಹೊರಡುವಾಗ ಕಟ್ಟಿಕೊಟ್ಟ ಬುತ್ತಿ ಇದ್ದ ಹಾಗೆ: ಬಸ್ಸು ಹೊರಟ ಮೇಲೆ ಮನೇಲಿ ಏನು ಮಾಡಿದ್ರೂ ನಮ್ಮ ಚೀಲಕ್ಕೆ ಬರಲ್ಲ. ಬ್ಯಾಶ್‌ಆರ್‌ಸಿಯನ್ನು ಓದೋದು ಟರ್ಮಿನಲ್ ಒಳಗಿನ ಬ್ಯಾಶ್ ಮಾತ್ರ. ಐಕಾನ್‌ನಿಂದ ತೆರೆದ ಕೇಟ್‌ಗೆ ಬುತ್ತಿ ಕಟ್ಟೋದು ಡೆಸ್ಕ್‌ಟಾಪ್ ಸೆಷನ್; ಅದು ಲಾಗಿನ್ ಆದಾಗಲೇ ಶುರುವಾಗಿರುತ್ತೆ.

ಹಾಗಾದ್ರೆ ಎಲ್ಲಿ ಬರೀಬೇಕು?

1. ಉಬುಂಟು, ಮಿಂಟ್ ಬಳಗದಲ್ಲಿ ಹೋಮ್ ಫೋಲ್ಡರಿನ 'ಡಾಟ್ ಪ್ರೊಫೈಲ್' ಫೈಲಿನಲ್ಲಿ. ಸಾಲಿನ ಮೊದಲು ಎಕ್ಸ್‌ಪೋರ್ಟ್ ಇರಲಿ. ಇದು ಶೆಲ್ ಸ್ಕ್ರಿಪ್ಟ್. ತಪ್ಪು ಬರೆದ್ರೆ ಲಾಗಿನ್ನೇ ಕೈಕೊಡಬಹುದು. ಮೊದಲು ಒಂದು ಕಾಪಿ ಇಟ್ಟುಕೊಳ್ಳಿ.

2. ಎಲ್ಲ ಬಳಕೆದಾರರಿಗೂ ಬೇಕಿದ್ರೆ 'ಇಟಿಸಿ' ಫೋಲ್ಡರಿನ 'ಎನ್ವಿರಾನ್ಮೆಂಟ್' ಫೈಲು. ಇದು ಸ್ಕ್ರಿಪ್ಟ್ ಅಲ್ಲ: ಬರೀ ಹೆಸರು, ಸಮ ಚಿಹ್ನೆ, ಬೆಲೆ. ಡಾಲರ್ ಹಾಕಿ ಇನ್ನೊಂದು ವೇರಿಯಬಲ್ ಕರೆದ್ರೆ ಬಿಡಿಸಿಕೊಳ್ಳಲ್ಲ.

3. ಸ್ಟಾರ್ಟ್‌ಅಪ್‌ನಲ್ಲಿ ತಾನೇ ತೆರೆಯುವ ಒಂದೇ ಪ್ರೋಗ್ರಾಂಗೆ ಸಾಕು ಅಂದ್ರೆ, ಆಟೋಸ್ಟಾರ್ಟ್ ಫೋಲ್ಡರಿನ ಡೆಸ್ಕ್‌ಟಾಪ್ ಫೈಲಿನಲ್ಲಿ ಎಕ್ಸೆಕ್ ಸಾಲು ನೋಡಿ. ಸಮ ಚಿಹ್ನೆಯ ನಂತರ 'ಎನ್ವ್' ಎಂಬ ಕಮ್ಯಾಂಡ್, ಆಮೇಲೆ ವೇರಿಯಬಲ್, ಆಮೇಲೆ ಪ್ರೋಗ್ರಾಂ ಹೆಸರು.

ಇಲ್ಲಿನ ಹೆಸರುಗಳನ್ನೆಲ್ಲ ಇಂಗ್ಲಿಷ್ ಲಿಪಿಯಲ್ಲೇ ಟೈಪಿಸಬೇಕು. ಕ್ಯೂಟಿ_ಐಎಂ_ಮಾಡ್ಯೂಲ್ ಪೂರ್ತಿ ದೊಡ್ಡಕ್ಷರದಲ್ಲಿ. ಒಂದು ಮತ್ತು ಎರಡನೇ ವಿಧಾನದಲ್ಲಿ ಫೈಲ್ ಉಳಿಸಿದ ಮೇಲೆ ಲಾಗ್‌ಔಟ್ ಆಗಿ ಮತ್ತೆ ಲಾಗಿನ್ ಆಗಲೇಬೇಕು. ಪರೀಕ್ಷೆಯನ್ನು ಟರ್ಮಿನಲ್‌ನಿಂದ ಮಾಡಬೇಡಿ, ಅದೇ ನಮ್ಮನ್ನು ದಾರಿ ತಪ್ಪಿಸಿದ್ದು. ಐಕಾನ್ ಒತ್ತಿಯೇ ನೋಡಿ.

ನಾವು ಮೊದಲನೇ ದಾರಿ ಹಿಡಿದ್ವಿ. ಐಕಾನ್ ಒತ್ತಿದ್ವಿ, ಕನ್ನಡ ಬಂತು. ಟೈಪ್ ಮಾಡಿದ ಒಗಟುಗಳನ್ನು ಅಜ್ಜಿಗೆ ಓದಿ ಹೇಳಿದಾಗ ಅವರು ಎರಡು ಕಡೆ ತಡೆದು, "ಹಂಗಲ್ಲಪ್ಪ" ಅಂತ ತಿದ್ದಿಸಿದ್ರು. ಊರಿಗೆ ವಾಪಸ್ ಬಂದು ಟೈಪ್ ಮಾಡಿದ್ರೆ ಆಯ್ತು ಅಂದುಕೊಂಡಿದ್ರೆ ಆ ಎರಡು ತಪ್ಪೂ ಹಾಗೇ ಅಚ್ಚಾಗ್ತಿದ್ವು.