ಚಾಸಿ ಸಂಖ್ಯೆಯ ಅರ್ಥವಿಚಾರ

ಹಳೆಯ ಮೋಟಾರು ಕಾರೊಂದರ ಕಾಲವನ್ನೂ ಜಾತಿಯನ್ನೂ ಕೇವಲ ಬಾಹ್ಯರೂಪದಿಂದ ನಿರ್ಣಯಿಸುವುದು ಉಚಿತವಲ್ಲ. ಬಣ್ಣವನ್ನು ಮತ್ತೆ ಬಳಿಯಬಹುದು, ಬಿಡಿಭಾಗಗಳನ್ನು ಬದಲಾಯಿಸಬಹುದು. ಆದುದರಿಂದಲೇ ಇಂಗ್ಲೆಂಡಿನ ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಪರೀಕ್ಷಿಸುವವರು ಮೊದಲು ಚಾಸಿ ಸಂಖ್ಯೆಯನ್ನು ಓದುತ್ತಾರೆ.

1962ರಿಂದ 1980ರವರೆಗೆ ಆಬಿಂಗ್ಡನ್ ಪಟ್ಟಣದಲ್ಲಿ ತಯಾರಾದ ಎಂ.ಜಿ.ಬಿ. ಕಾರನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಆರಂಭಕಾಲದ ಕಾರಿನ ಫಲಕದಲ್ಲಿ 'ಜಿ-ಎಚ್-ಎನ್-3-ಎಲ್' ಎಂಬ ಸಂಕೇತವೂ ಅದರ ಮುಂದೆ ಕ್ರಮಸಂಖ್ಯೆಯೂ ಇದ್ದರೆ, ಪದವನ್ನು ಪ್ರಕೃತಿ ಪ್ರತ್ಯಯಗಳಾಗಿ ಬಿಡಿಸುವಂತೆ ಅದನ್ನು ಬಿಡಿಸಬೇಕು. 'ಜಿ' ಎಂಬುದು ಎಂ.ಜಿ. ಎಂಬ ಹೆಸರಿನ ಸೂಚಕ. 'ಎಚ್' ಎಂದರೆ 1400ರಿಂದ 1999 ಘನ ಸೆಂಟಿಮೀಟರುಗಳವರೆಗಿನ ಎಂಜಿನ್. 'ಎನ್' ಎಂದರೆ ಎರಡು ಆಸನಗಳ ತೆರೆದ ಕಾರು; ಅದರ ಸ್ಥಾನದಲ್ಲಿ 'ಡಿ' ಇದ್ದರೆ 1965ರಲ್ಲಿ ಬಂದ, ಮುಚ್ಚಿದ ಮಾಡಿನ 'ಜಿ.ಟಿ.' ಎಂದು ತಿಳಿಯಬೇಕು. '3' ಮಾದರಿಯ ಶ್ರೇಣಿಯನ್ನೂ 'ಎಲ್' ಎಡಗಡೆಯ ಸ್ಟಿಯರಿಂಗನ್ನೂ ಹೇಳುತ್ತವೆ. ಕ್ರಮಸಂಖ್ಯೆ ಮೊದಲಾಗುವುದು 101ರಿಂದ. ಅದನ್ನು ನೂರೊಂದನೆಯ ಕಾರೆಂದು ಭಾವಿಸಿದರೆ ತಪ್ಪಾಗುತ್ತದೆ, ಅದೇ ಮೊದಲನೆಯದು.

ಒಬ್ಬ ತಯಾರಕನ ಸೂತ್ರ ಮತ್ತೊಬ್ಬನಿಗೆ ಅನ್ವಯಿಸದು. 1961ರಲ್ಲಿ ಹೊರಬಂದ ಜಾಗ್ವಾರ್ ಇ-ಟೈಪ್ ಕಾರಿನಲ್ಲಿ ಅಂಕಿಗಳೇ ಭೇದವನ್ನು ತಿಳಿಸುತ್ತವೆ. ಬಲಗಡೆಯ ಸ್ಟಿಯರಿಂಗಿನ ತೆರೆದ ಕಾರುಗಳ ಶ್ರೇಣಿ 850001ರಿಂದಲೂ ಮುಚ್ಚಿದವುಗಳದು 860001ರಿಂದಲೂ ಆರಂಭವಾಗುತ್ತದೆ. ಎಡಗಡೆಯವುಗಳಿಗೆ ಅನುಕ್ರಮವಾಗಿ 875001 ಮತ್ತು 885001. 860001ರ ಶ್ರೇಣಿಗೆ ಸೇರಿದ ಸಂಖ್ಯೆಯ ಕಾರು ಈಗ ತೆರೆದ ರೂಪದಲ್ಲಿ ಕಂಡುಬಂದರೆ, ಅದರ ಮಾಡನ್ನು ಕತ್ತರಿಸಿರಬೇಕು, ಇಲ್ಲವೇ ಸಂಖ್ಯೆಯೇ ಬೇರೆ ಕಾರಿನದಾಗಿರಬೇಕು.

ಇಲ್ಲಿಯೇ ಮೋಸಕ್ಕೂ ಅವಕಾಶವಿದೆ. ಫಲಕವನ್ನು ಕಿತ್ತು ಮತ್ತೊಂದು ಕಾರಿಗೆ ಜೋಡಿಸುವುದು ಕಷ್ಟವಲ್ಲ. ತಾಮ್ರಶಾಸನಗಳಲ್ಲಿ ಕೂಟಶಾಸನಗಳಿರುವಂತೆ ಕಾರುಗಳಲ್ಲಿಯೂ ಕೃತಕಗಳುಂಟು. ಆದುದರಿಂದ ಇ-ಟೈಪ್ ಕಾರಿನಲ್ಲಿ ಫಲಕದ ಸಂಖ್ಯೆಯನ್ನು ಮುಂಭಾಗದ ಚೌಕಟ್ಟಿನ ಮೇಲೆ ಒತ್ತಿರುವ ಸಂಖ್ಯೆಯೊಡನೆ ಹೋಲಿಸಬೇಕು. ಎಂಜಿನ್ನಿನ ಸಂಕೇತವೂ ಸಾಕ್ಷಿಯೇ: ಐದು ಬೇರಿಂಗುಗಳ '18-ಜಿ-ಬಿ' ಎಂಜಿನ್ ಎಂ.ಜಿ.ಬಿ.ಗೆ ಬಂದುದು 1964ರ ಅಕ್ಟೋಬರಿನಲ್ಲಿ. 1962ರ ಕಾರಿನಲ್ಲಿ ಅದು ಕಂಡರೆ ಎಂಜಿನ್ ಬದಲಾಗಿದೆಯೆಂಬುದು ಸ್ಪಷ್ಟ. ಆದರೆ ಎಂಜಿನ್ ಬದಲಾದ ಮಾತ್ರಕ್ಕೆ ಕಾರು ಕೃತಕವಾಗದು. ಅದನ್ನು ಮರೆಮಾಚಿ ಮಾರುವುದೇ ದೋಷ.

ಗೇಡನ್ನಿನಲ್ಲಿರುವ ಬ್ರಿಟಿಷ್ ಮೋಟಾರು ಉದ್ಯಮ ಪರಂಪರಾ ಟ್ರಸ್ಟು ಎಂ.ಜಿ. ಮೊದಲಾದ ಕಾರುಗಳ ಕಾರ್ಖಾನೆಯ ದಾಖಲೆಗಳನ್ನು ಆಧರಿಸಿ, ತಯಾರಿಕೆಯ ದಿನಾಂಕ, ಮೂಲವರ್ಣಾದಿ ವಿವರಗಳುಳ್ಳ ಪ್ರಮಾಣಪತ್ರವನ್ನು ನೀಡುತ್ತದೆ. ಫಲಕ, ಒಡಲು, ಎಂಜಿನ್, ದಾಖಲೆ ಇವೆಲ್ಲವೂ ಪರಸ್ಪರ ಸಮ್ಮತಿಸಿದಾಗ ನಿರ್ಣಯಕ್ಕೆ ಬರುವುದು ಯುಕ್ತ. ಒಂದೇ ಸಾಕ್ಷ್ಯವನ್ನು ನಂಬಿ ಹಣ ತೆತ್ತವನಿಗೆ ಉಳಿಯುವುದು ಫಲಕ ಮಾತ್ರ.