ಮದ್ದಿಗೆ ಮಣಿಯದ ಕಳೆ

ಭಾರತೀನಗರದ ಸುತ್ತಿನ ಕಬ್ಬಿನ ಗದ್ದೆಗಳಲ್ಲಿ ಕಳೆನಾಶಕ ಸಿಂಪಡಿಸಿದ ಕೆಲವು ದಿನಗಳ ಮೇಲೆ ನಿಂತು ನೋಡಿದವರಿಗೆ ಒಂದು ಪ್ರಶ್ನೆ ಏಳದಿರದು. ಕಳೆ ಬಾಡಿರುತ್ತದೆ, ಅದೇ ಮಣ್ಣಿನಲ್ಲಿ ಬೇರೂರಿದ ಕಬ್ಬು ಹಸಿರಾಗಿಯೇ ಇರುತ್ತದೆ. ಒಂದೇ ವಿಷವು ಒಂದು ಸಸ್ಯವನ್ನು ಕೊಂದು ಇನ್ನೊಂದನ್ನು ಉಳಿಸುವುದು ಹೇಗೆ?

ಕಬ್ಬು ಬೆಳೆಯುವವರಿಗೆ ಬಹುಕಾಲದಿಂದ ಪರಿಚಿತವಾದ ಅಟ್ರಜೀನನ್ನು ತೆಗೆದುಕೊಳ್ಳೋಣ. ಇದು ಎಲೆಯ ಹರಿದ್ರೇಣುಗಳನ್ನು ಸೇರಿ, ಬೆಳಕಿನ ಬಲದಿಂದ ಚಲಿಸುವ ಇಲೆಕ್ಟ್ರಾನುಗಳನ್ನು ಸಾಗಿಸುವ ಒಂದು ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಸಾಗಣೆ ನಿಲ್ಲುತ್ತದೆ, ಬಳಕೆಯಾಗದೆ ಉಳಿದ ಬೆಳಕಿನ ಶಕ್ತಿಯೇ ಎಲೆಯನ್ನು ಸುಡುತ್ತದೆ. ಕಬ್ಬಿನ ಜೀವಕೋಶಗಳಾದರೋ ಅಟ್ರಜೀನನ್ನು ಗ್ಲೂಟಥಯಾನ್ ಎಂಬ ವಸ್ತುವಿನೊಡನೆ ಬೆಸೆದು ನಿರುಪದ್ರವಿಯಾಗಿ ಮಾಡಿಬಿಡುತ್ತವೆ.

ಸಿಂಪಡಿಸಿದ ಮೇಲೂ ಉಳಿದುಕೊಂಡ ಕಳೆಯೆಲ್ಲವೂ ನಿರೋಧಶಕ್ತಿ ಪಡೆದುದೆಂದು ತಿಳಿಯಬಾರದು. ಜೇಕು ಮತ್ತೆ ಚಿಗುರುವುದು ನೆಲದೊಳಗೆ ಅದರ ಗಡ್ಡೆ ಉಳಿದುದರಿಂದ. ಅದು ಅದರ ಹುಟ್ಟುಗುಣ. ಹಿಂದೆ ಸಾಯುತ್ತಿದ್ದ ಕಳೆಯ ಸಂತತಿ ಈಗ ಅದೇ ಪ್ರಮಾಣದ ಮದ್ದಿಗೆ ಸಾಯದಿದ್ದರೆ ಮಾತ್ರ ನಿರೋಧಶಕ್ತಿಯೆನ್ನಬೇಕು. ಈ ಗುಣವನ್ನು ಮದ್ದು ಹುಟ್ಟಿಸುವುದಿಲ್ಲ. ಲಕ್ಷಾಂತರ ಗಿಡಗಳ ನಡುವೆ ಆಕಸ್ಮಿಕವಾದ ಉತ್ಪರಿವರ್ತನೆಯಿಂದ ಎಲ್ಲೋ ಒಂದಕ್ಕೆ ಅದು ಮೊದಲೇ ಬಂದಿರುತ್ತದೆ; ಉಳಿದವನ್ನೆಲ್ಲ ಕೊಂದು ಆ ಒಂದಕ್ಕೆ ಹೊಲವನ್ನು ತೆರವುಮಾಡಿಕೊಡುವುದಷ್ಟೇ ಮದ್ದಿನ ಕೆಲಸ.

ಅಮೆರಿಕದ ವಾಷಿಂಗ್ಟನ್ ಸಂಸ್ಥಾನದ ಒಂದು ಸಸಿತೋಟದಲ್ಲಿ ಅಟ್ರಜೀನಿಗೂ ಅದರ ಸೋದರ ಸಿಮಜೀನಿಗೂ ಬಗ್ಗದ ಕಳೆಯೊಂದು ಕಂಡುಬಂದಿತು. ರಯಾನ್ ಎಂಬವರು 1970ರಲ್ಲಿ ಇದನ್ನು ಪ್ರಕಟಿಸಿದರು. ಇಂಥ ಕಳೆಗಳನ್ನು ಮುಂದೆ ಪರೀಕ್ಷಿಸಿದಾಗ, ಮೇಲೆ ಹೇಳಿದ ಪ್ರೋಟೀನಿನ 264ನೆಯ ಸ್ಥಾನದಲ್ಲಿ ಸೆರೀನಿಗೆ ಬದಲಾಗಿ ಗ್ಲೈಸೀನ್ ಇದ್ದಿತು. ಒಂದೇ ಒಂದು ಅಮೈನೋ ಆಮ್ಲದ ವ್ಯತ್ಯಾಸ! ಬೀಗ ಬದಲಾಯಿತು, ಕೀಲಿ ಕೂರಲಿಲ್ಲ. ಆ ಪ್ರೋಟೀನಿನ ಜೀನು ಹರಿದ್ರೇಣುವಿನಲ್ಲಿಯೇ ಇರುವುದರಿಂದ ಗುಣವು ಸಾಮಾನ್ಯವಾಗಿ ತಾಯಿಗಿಡದಿಂದ ಬರುತ್ತದೆ, ಪರಾಗದಿಂದಲ್ಲ.

ನಮ್ಮ ದೇಶದ ಪ್ರಸಿದ್ಧ ಉದಾಹರಣೆ ಇದಕ್ಕಿಂತಲೂ ಚಿಂತಾಜನಕವಾದುದು. ಹರಿಯಾಣದ ಗೋಧಿ ಹೊಲಗಳಲ್ಲಿ ‘ಗುಲ್ಲಿ ಡಂಡಾ’ ಎಂಬ ಹುಲ್ಲನ್ನು ಕೊಲ್ಲಲು ವರ್ಷವರ್ಷವೂ ಐಸೊಪ್ರೊಟ್ಯೂರಾನನ್ನೇ ಬಳಸುತ್ತಿದ್ದರು. 1990ರ ದಶಕದ ಆರಂಭದಲ್ಲಿ ಅದು ನಿಷ್ಫಲವಾಯಿತು; ಕೆಲವು ರೈತರು ತೆನೆಗೆ ಕಾಯದೆ ಗೋಧಿಯನ್ನು ಹಸಿರು ಮೇವಿಗಾಗಿ ಕೊಯ್ದುಬಿಟ್ಟರು. ಇಲ್ಲಿ ಬೀಗ ಬದಲಾಗಿರಲಿಲ್ಲ. ಗೋಧಿಯು ಯಾವ ಬಗೆಯ ಕಿಣ್ವಗಳಿಂದ ಆ ಮದ್ದನ್ನು ಒಡೆಯುತ್ತದೆಯೋ, ಸೈಟೋಕ್ರೋಮ್ ಪಿ-450 ಎಂಬ ಆ ವರ್ಗದ ಕಿಣ್ವಗಳಿಂದಲೇ ಹುಲ್ಲೂ ಅದನ್ನು ಬೇಗ ಬೇಗ ಒಡೆಯತೊಡಗಿತ್ತು. ಈ ಕಿಣ್ವಗಳನ್ನು ತಡೆಯುವ ವಸ್ತುವನ್ನು ಬೆರೆಸಿ ಸಿಂಪಡಿಸಿದಾಗ ಹುಲ್ಲು ಪುನಃ ಮದ್ದಿಗೆ ಬಗ್ಗಿದುದೇ ಇದಕ್ಕೆ ಸಾಕ್ಷ್ಯ.

ಇಂಥ ಕಿಣ್ವಗಳು ಒಂದು ಮದ್ದಿಗೆ ಮಾತ್ರ ಕಟ್ಟುಬಿದ್ದವಲ್ಲ. ತಮ್ಮ ಮೇಲೆ ಎಂದೂ ಬೀಳದ ಮದ್ದನ್ನೂ ಒಡೆಯಬಲ್ಲವು. ಆದುದರಿಂದ ಮದ್ದನ್ನು ಬದಲಿಸಿದ ಮಾತ್ರಕ್ಕೆ ನಿಶ್ಚಿಂತರಾಗಿರಲಾಗದು. ಪ್ರಮಾಣವನ್ನು ಕಡಮೆ ಮಾಡಿ ಸಿಂಪಡಿಸುವುದು ಇನ್ನೂ ಕೆಟ್ಟದ್ದು: ಅರೆಶಕ್ತಿಯ ಗಿಡಗಳು ಉಳಿದು, ಪರಸ್ಪರ ಪರಾಗಸ್ಪರ್ಶಗೊಂಡು, ಮಕ್ಕಳಲ್ಲಿ ಆ ಶಕ್ತಿಯನ್ನು ಕೂಡಿಹಾಕುತ್ತವೆ.

ನಿಮ್ಮ ಊರಿನ ಹೊಲದಲ್ಲಿ ಅನುಮಾನವಿದ್ದರೆ ಪರೀಕ್ಷೆ ಸರಳ. ಉಳಿದ ಕಳೆಯ ಬೀಜವನ್ನೂ, ಮದ್ದನ್ನೇ ಕಾಣದ ಜಾಗದ ಅದೇ ಕಳೆಯ ಬೀಜವನ್ನೂ ಬೇರೆ ಬೇರೆ ಕುಂಡಗಳಲ್ಲಿ ಬಿತ್ತಿ, ಅಧ್ಯಾಪಕರ ಕೈಯಿಂದ ಏರುತ್ತಿರುವ ಪ್ರಮಾಣಗಳಲ್ಲಿ ಮದ್ದು ಹಾಕಿಸಿ, ಮೂರು ವಾರಗಳ ಮೇಲೆ ಬದುಕಿರುವ ಸಸಿಗಳನ್ನು ಎಣಿಸಿರಿ.