ಚೈತ್ರದಲ್ಲಿ ಶಿವಮೊಗ್ಗಕ್ಕೆ ಹೊರಟವರಿಗೆ

ಯುಗಾದಿ ರಜೆಗೆ ಶಿವಮೊಗ್ಗಕ್ಕೆ ಹೊರಟಿದ್ದೀರಾ? ಸಂತೋಷ. ಆದರೆ ಮಳೆಗಾಲದ ಫೋಟೊ ನೋಡಿಕೊಂಡು ಹೊರಡಬೇಡಿ. ಈಗ ಜೋಗದಲ್ಲಿ ನೀರಿಗಿಂತ ಬಂಡೆಯೇ ಹೆಚ್ಚು. ಮಂಡಗದ್ದೆಯಲ್ಲಿ ಹಕ್ಕಿಗಳು ಗೂಡು ಕಟ್ಟುವುದೂ ಮಳೆ ಹಿಡಿದ ಮೇಲೆಯೇ.

ಈ ಕಾಲದ ಸೊಗಸು ಬೇರೆ. ಬೆಳಿಗ್ಗೆ ಬೇಗ ಎದ್ದು ತೀರ್ಥಹಳ್ಳಿ ರಸ್ತೆಯ ಸಕ್ರೆಬೈಲಿಗೆ ಹೋಗಿ. ಊರಿಂದ ಸುಮಾರು 14 ಕಿ.ಮೀ. ತುಂಗೆಯ ಹಿನ್ನೀರಿನಲ್ಲಿ ಮಾವುತರು ಆನೆಗಳ ಮೈ ಉಜ್ಜುವುದನ್ನು ನೋಡುತ್ತ ನಿಂತರೆ ಮಕ್ಕಳಿಗೆ ಮೊಬೈಲು ನೆನಪಾಗುವುದಿಲ್ಲ, ದೊಡ್ಡವರಿಗೂ ಅಷ್ಟೇ. ತಿಂಡಿ ಮುಗಿಸಿ ನಿಧಾನಕ್ಕೆ ಹೊರಟಿರೋ, ಬರೀ ಬಿಸಿಲು ಸಿಕ್ಕೀತು.

ಸಂಜೆಗೆ ತುಂಗೆ-ಭದ್ರೆಯರು ಸೇರುವ ಕೂಡಲಿ ಇದೆ. ನೀರು ತಗ್ಗಿದೆಯೆಂದು ಈಜಲು ಮಾತ್ರ ಇಳಿಯಬೇಡಿ. ಮೇಲೆ ಶಾಂತವಾಗಿ ಕಂಡರೂ ಹೊಳೆಯೊಳಗೆ ಗುಂಡಿಗಳಿರುತ್ತವೆ. ದಡದ ಮೆಟ್ಟಿಲ ಮೇಲೆ ಕೂತು ತಣ್ಣನೆ ಗಾಳಿ ಕುಡಿದರೆ ಸಾಕಲ್ಲ?